ಜಾರಿಕ್ ಇಲ್ಲ

ಟಿಕ್ ಎಂದಿತು. ಅಷ್ಟಕ್ಕೇ ಮುಗಿದಿದ್ದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಆದರೆ ಎರಡನೆಯ ಟಿಕ್ ಇನ್ನೂ ಬಾಕಿ ಇತ್ತು, ಅದು ಬರಲು ಎಂಟು ಸೆಕೆಂಡು ಬೇಕು. ಅನಿಪಾ ಅಡುಗೆಮನೆಯ ನೆಲದ ಮೇಲೆ ಕೂತು, ಮೇಜಿನ ಮೇಲಿದ್ದ ಕ್ಯಾಮೆರಾವನ್ನೇ ನೋಡುತ್ತ ಮನಸ್ಸಿನಲ್ಲಿ ಎಣಿಸತೊಡಗಿದಳು. ಎಂಟು ಸೆಕೆಂಡು ಷಟರ್ ತೆರೆದಿಟ್ಟರೆ ಕತ್ತಲಲ್ಲೂ ಒಲೆಯ ಸಂದಿಯ ಕೆಂಪಿನಲ್ಲೇ ಕೆಟಲು, ಬ್ರೆಡ್ಡಿಗೆ ಸುತ್ತಿದ ಬಟ್ಟೆ, ಗೋಡೆಯ ಮೊಳೆ ಎಲ್ಲವೂ ಮೂಡುತ್ತವೆ ಎಂದು ತರಗತಿಯಲ್ಲಿ ಹೇಳಿದ್ದರು. ಅವಳು ನಂಬಿರಲಿಲ್ಲ. ಆರರವರೆಗೆ ಎಣಿಸುವಷ್ಟರಲ್ಲಿ ಒಳಕೋಣೆಯಿಂದ ಮಾವ ಕೆಮ್ಮಿದರು.

"ಯಾರದು?"

"ನಾನೇ, ಆತಾ."

"ಏನದು ಸದ್ದು?"

ಟಿಕ್.

"ಇಲಿ," ಎಂದಳು ಅನಿಪಾ.

ಅವಳು ಕತ್ತಲಲ್ಲೇ ಕೂತು, ಇಲಿ ಎಂದು ಯಾಕೆ ಹೇಳಿದೆ ಎಂದು ಯೋಚಿಸಿದಳು. ಅವಳು ಕ್ಯಾಮೆರಾ ಕಲಿಯಲು ಹೋಗುತ್ತಿರುವುದು ಮಾವನಿಗೆ ಗೊತ್ತಿತ್ತು, ಮನೆಯಲ್ಲಿ ಅಭ್ಯಾಸ ಮಾಡಬೇಡ ಎಂದು ಅವರು ಯಾವತ್ತೂ ಅಂದವರಲ್ಲ. ಕೇಳಿದ ಕೂಡಲೇ ಬಾಯಿಗೆ ಬಂದದ್ದು ಸುಳ್ಳು, ಅದೂ ಯಾವ ಪ್ರಯೋಜನವೂ ಇಲ್ಲದ ಸುಳ್ಳು. ಈಗ ಅದಕ್ಕೊಂದು ಇಲಿಯನ್ನು ಹೊಂದಿಸಬೇಕು. ಬೆಳಿಗ್ಗೆ ಎದ್ದು ಉಗ್ರಾಣದಿಂದ ಬೋನು ತೆಗೆದು, ಒಣಮೊಸರಿನ ಉಂಡೆಯ ಒಂದು ಚೂರನ್ನು ಕೊಕ್ಕೆಗೆ ಸಿಕ್ಕಿಸಿ, ಮಾವನಿಗೆ ಕಾಣುವಂತೆ ಒಲೆಯ ಪಕ್ಕ ಇಟ್ಟಳು. ಚಹಾ ಕುಡಿಯುತ್ತ ಮಾವ ಬೋನನ್ನೂ ಅವಳನ್ನೂ ಒಮ್ಮೆ ನೋಡಿ, ಬ್ರೆಡ್ಡು ಮುರಿದುಕೊಂಡರು.

ಜಿಲ್ಲೆಯ ಪತ್ರಿಕೆಯಲ್ಲಿ ಅವಳದು ಕರಡು ತಿದ್ದುವ ಕೆಲಸ, ಹದಿಮೂರು ವರ್ಷದಿಂದ. ಜನವರಿಯಲ್ಲಿ ಸಂಪಾದಕರು ಅವಳನ್ನು ಕರೆದು, ಫೋಟೊ ತೆಗೆಯುವವನು ನಿವೃತ್ತನಾಗುತ್ತಾನೆ, ತಪ್ಪು ತಿದ್ದಲು ಈಗ ಕಂಪ್ಯೂಟರ್ ಇದೆ, ಎರಡು ಕುರ್ಚಿಯನ್ನು ಒಂದು ಮಾಡಿ ಎಂದು ಮೇಲಿನವರು ಹೇಳಿದ್ದಾರೆ, ಮಾರ್ಚ್ ಒಂದರೊಳಗೆ ರೊಮಾನ್ ಪಾಕ್ ಹತ್ತಿರ ಕಲಿತು ಸರ್ಟಿಫಿಕೇಟು ತಂದರೆ ಆ ಒಂದು ಕುರ್ಚಿ ನಿನ್ನದು, ತರದಿದ್ದರೆ, ಎಂದು ಹೇಳಿ ಕಿಟಕಿಯ ಹೊರಗೆ ನೋಡಿದ್ದರು. ವಾಕ್ಯ ಅಲ್ಲಿಗೇ ನಿಂತಿತ್ತು. ಎದುರಿಗೆ ನಿಂತಿದ್ದ ಅನಿಪಾಳಿಗೆ ಮೊದಲು ಅನಿಸಿದ್ದು ಭಯವಲ್ಲ, ಆ ವಾಕ್ಯವನ್ನು ಪೂರ್ತಿ ಮಾಡಬೇಕು ಎಂದು. ಭಯ ಬಂದದ್ದು ಮನೆಗೆ ಹೋಗುವ ದಾರಿಯಲ್ಲಿ, ಸೇತುವೆಯ ಮೇಲೆ. ಗಂಡ ತಾಲಾಯ್ ಗಣಿಯಲ್ಲಿ ಹದಿನೈದು ದಿನ, ಮನೆಯಲ್ಲಿ ಹದಿನೈದು ದಿನ ಇರುವವನು. ಅವನ ಸಂಬಳದಲ್ಲಿ ಮನೆ ನಡೆಯುತ್ತದೆ, ಆ ಮಾತು ಬೇರೆ. ಆದರೆ ಕೆಲಸವಿಲ್ಲದ ತಾನು ಈ ಮನೆಯಲ್ಲಿ ಇಡೀ ದಿನ ಏನಾಗಿರುವುದು? ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೊಂದೇ ತನಗೆ ಬರುವ ಕೆಲಸ. ಅದನ್ನು ಸಂಬಳವಿಲ್ಲದೆ ಮನೆಯಲ್ಲಿ ಮಾಡುವ ಹೆಂಗಸರನ್ನು ಅವಳು ನೋಡಿದ್ದಳು.

ಕ್ಯಾಮೆರಾ ಅವಳಿಗೆ ಕಷ್ಟವಾಗಲಿಲ್ಲ, ಅವಮಾನವಾಯಿತು ಅಷ್ಟೆ. ಸಂಖ್ಯೆ ದೊಡ್ಡದಾದಷ್ಟು ಲೆನ್ಸಿನ ತೂತು ಚಿಕ್ಕದಾಗುತ್ತದೆ ಎಂಬುದನ್ನು ಎಲ್ಲರೂ ಮೊದಲ ದಿನವೇ ಒಪ್ಪಿಕೊಂಡರು, ಅವಳೊಬ್ಬಳು ಅದು ಅಚ್ಚಿನ ತಪ್ಪಿರಬೇಕು ಎಂದು ಎದ್ದು ನಿಂತು ಹೇಳಿದಳು. ತರಗತಿ ನಗುತ್ತಿರುವಾಗ ತನ್ನ ಕಿವಿ ಕೆಂಪಾಗುವುದು ಅವಳಿಗೆ ತಿಳಿಯಿತು. ಇವೆಲ್ಲ ಸಹಿಸುವಂಥವು. ಸಹಿಸಲಾಗದ್ದು ಒಂದು ಪದ.

ಮಾವನ ಹೆಸರು ಜಾರಿಕ್. ಕಿರ್ಗಿಜ್ ಮಾತಿನಲ್ಲಿ ಜಾರಿಕ್ ಎಂದರೆ ಬೆಳಕು. ಸೊಸೆ ಮಾವನ ಹೆಸರು ಹೇಳುವಂತಿಲ್ಲ, ಆ ಹೆಸರು ಬೇರೆ ಯಾವ ವಸ್ತುವಿನದಾಗಿದ್ದರೂ ಆ ವಸ್ತುವನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಈಗ ನಾರಿನ್ ಪಟ್ಟಣದಲ್ಲಿ ಇದನ್ನೆಲ್ಲ ಯಾರು ಲೆಕ್ಕಕ್ಕಿಡುತ್ತಾರೆ; ಬೀದಿಯ ಸೊಸೆಯರು ಮಾವನ ಹೆಸರು ಹಿಡಿದೇ ಕೋಳಿಯನ್ನು ಬೈಯುತ್ತಾರೆ. ಅನಿಪಾಳಿಗೂ ಯಾರೂ ಹೇಳಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಮದುವೆಯಾಗಿ ಬಂದ ಸಂಜೆ, ಪರದೆಯ ಹಿಂದೆ ಕೂತಿದ್ದವಳಿಗೆ ಯಾರೋ ಮುದುಕಿ "ಗೋಡೆ ಹತ್ತಿರ ಇದ್ದೀಯಲ್ಲ, ಏನನ್ನ ಹಾಕಬೇಕು ಹೇಳು ನೋಡೋಣ" ಎಂದು ಸ್ವಿಚ್ಚಿನ ಕಡೆ ಕೈತೋರಿಸಿದಳು. ಅದು ತಮಾಷೆಗೆ ಕೇಳಿದ್ದು. ಇವಳು ಹೆದರಿ, "ಆ ಹೊಳೆಯುವುದನ್ನ" ಎಂದಳು. ಹೆಂಗಸರೆಲ್ಲ ನಾಲಿಗೆ ಚಪ್ಪರಿಸಿ, ಎಂಥ ಮನೆತನದ ಹುಡುಗಿ ಎಂದರು. ಅತ್ತೆ ತೀರಿಹೋಗಿ ಆಗಲೇ ಎರಡು ವರ್ಷವಾಗಿದ್ದರಿಂದ, ಸಾಕು ಬಿಡು ಎಂದು ಹೇಳಬೇಕಾದವರು ಮನೆಯಲ್ಲಿ ಇರಲಿಲ್ಲ. ಒಮ್ಮೆ ಒಳ್ಳೆಯವಳು ಎನ್ನಿಸಿಕೊಂಡ ಮೇಲೆ ಯಾವ ದಿನ, ಯಾವ ಹೊತ್ತಿನಿಂದ ಅದನ್ನು ನಿಲ್ಲಿಸುವುದು? ಬೆಳಗಾಯಿತು ಎನ್ನುವುದನ್ನು ಸುತ್ತಿ ಬಳಸಿ ಹೇಳಿದಳು. ಕರೆಂಟಿಗೆ ಎಲ್ಲರಂತೆ ಸ್ವೆತ್ ಎಂಬ ರಷ್ಯನ್ ಪದ ಹಾಕಿ ಪಾರಾದಳು. ಆಫೀಸಿನಲ್ಲಿ ಬೇರೆಯವರು ಬರೆದ ಜಾರಿಕ್‌ಗಳ ಕೆಳಗೆ ಸಾವಿರ ಸಲ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ತಾನಾಗಿ ಒಮ್ಮೆಯೂ ಬರೆದಿರಲಿಲ್ಲ. ತಾಲಾಯ್ ಮೊದಲ ವರ್ಷ ಇದಕ್ಕೆ ನಕ್ಕ, ಎರಡನೆಯ ವರ್ಷದಿಂದ ಅವನಿಗೆ ಗಮನಕ್ಕೂ ಬರಲಿಲ್ಲ.

ರೊಮಾನ್ ಪಾಕ್ ಅರವತ್ತೆಂಟರ ಕೊರಿಯನ್ ಮುದುಕ. ತಮ್ಮ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಕಲಿಸುತ್ತಿದ್ದ ಅವರನ್ನು ಎಲ್ಲರೂ ಆಗಾಯ್ ಎಂದು ಕರೆಯುತ್ತಿದ್ದರು, ಮೇಷ್ಟ್ರನ್ನು ಕರೆಯುವ ಹಾಗೆ. ತರಗತಿಯಲ್ಲಿ ರಷ್ಯನ್ ಪದ ಬಳಸಿದವರನ್ನು ಎದ್ದು ನಿಲ್ಲಿಸುತ್ತಿದ್ದರು. "ನಾನು ಐವತ್ತನೇ ವಯಸ್ಸಲ್ಲಿ ನಿಮ್ಮ ಕಿರ್ಗಿಜ್ ಕಲಿತಿದ್ದೀನಿ, ಕಷ್ಟಪಟ್ಟು. ನನ್ನ ಕಣ್ಣೆದುರೇ ಅದನ್ನ ಕೆಡಿಸಬೇಡಿ," ಎನ್ನುತ್ತಿದ್ದರು. ಹಾಗಾಗಿ ಅನಿಪಾಳ ಸ್ವೆತ್ ಅಲ್ಲಿ ನಡೆಯಲಿಲ್ಲ. ಬುಧವಾರ ಅವರು ನೇರವಾಗಿ ಅವಳ ಮುಂದೆ ಬಂದು ನಿಂತರು.

"ಷಟರ್ ತೆರೆದಾಗ ಒಳಗೆ ಬರೋದು ಯಾವುದು?"

"ಹೊಳೆಯುವುದು, ಆಗಾಯ್."

"ಏನು ಹೊಳೆಯುವುದು? ಚಮಚಾನಾ?"

"ಹೊರಗಡೆ ಇರೋದು. ಸೂರ್ಯನಿಂದ ಬರೋದು."

"ಅದಕ್ಕೊಂದು ಹೆಸರಿಲ್ಲವಾ?"

"ಇದೆ."

ಪಕ್ಕದಲ್ಲಿ ಎಲ್ನೂರಾ ಕೂತಿದ್ದಳು. ತಾನು ಮಾಡಿ ಮಾರುವ ಕೇಕುಗಳ ಚಿತ್ರ ತೆಗೆಯಲೆಂದು ಕಲಿಯುತ್ತಿದ್ದ ಹುಡುಗಿ, ಅನಿಪಾಳ ಬೀದಿಯವಳೇ. "ಆಗಾಯ್, ಅದು ಇವರ ಮಾವ," ಎಂದಳು. "ಷಟರ್ ತೆಗೆದರೆ ಇವರ ಮಾವ ಒಳಗೆ ಬರ್ತಾರೆ." ಕೋಣೆಯೆಲ್ಲ ನಕ್ಕಿತು. ಪಾಕ್ ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಸರಿ. ಮಾವ ಎಷ್ಟು ಹೊತ್ತು ಒಳಗೆ ಬರಬೇಕು ಅನ್ನೋದನ್ನ ನಿರ್ಧರಿಸೋದು ಯಾವುದು?" ಎಂದರು.

"ಷಟರ್."

"ಮಾವ ಜಾಸ್ತಿಯಾದರೆ?"

"ಮುಖವೆಲ್ಲ ಬೆಳ್ಳಗೆ ಸುಟ್ಟುಹೋಗುತ್ತೆ. ತೂತು ಚಿಕ್ಕದು ಮಾಡ್ಬೇಕು, ಇಲ್ಲಾ ಹೊತ್ತು ಕಡಿಮೆ ಮಾಡ್ಬೇಕು."

"ಮಾವ ಸಾಲದೆ ಹೋದರೆ?"

"ಕ್ಯಾಮೆರಾದ ಸಂವೇದನೆ ಹೆಚ್ಚಿಸಬೇಕು. ಆದರೆ ಚಿತ್ರ ಕಾಳುಕಾಳಾಗುತ್ತೆ."

"ಇದು ಗೊತ್ತಿದೆಯಲ್ಲ," ಎಂದರು ಪಾಕ್, ಬೇಸರದಿಂದ. "ಶುಕ್ರವಾರ ಪರೀಕ್ಷೆ. ನೀವು ಪತ್ರಿಕೆಯವರು, ಒಂದು ಮುಖದ ಚಿತ್ರ ತೆಗೆದುಕೊಂಡು ಬನ್ನಿ, ಒಂದು ಪ್ರಶ್ನೆ ಕೇಳ್ತೀನಿ. ಆವತ್ತು ಹೆಸರು ಹಿಡಿದೇ ಹೇಳಬೇಕು. ಸರ್ಟಿಫಿಕೇಟಿನಲ್ಲಿ ಮಾವ ಅಂತ ಬರೆಯೋಕಾಗಲ್ಲ." ಆಮೇಲೆ ಎಲ್ಲರ ಕಡೆ ತಿರುಗಿ, ಬಿಳಿ ಟೊಪ್ಪಿ ಹಾಕಿದವರನ್ನು ತೆಗೆಯುವಾಗ ಹುಷಾರಾಗಿರಿ, ಕ್ಯಾಮೆರಾಗೆ ಬುದ್ಧಿಯಿಲ್ಲ, ಪ್ರಪಂಚವೆಲ್ಲ ಬೂದಿ ಬಣ್ಣ ಎಂದುಕೊಂಡಿದೆ, ಬಿಳುಪು ಕಂಡರೆ ಹೆದರಿ ಎಲ್ಲವನ್ನೂ ಕಪ್ಪು ಮಾಡುತ್ತದೆ ಎಂದು ಹೇಳಿದರು. ಅನಿಪಾ ಅದನ್ನು ಬರೆದುಕೊಂಡಳು. ಹೆದರಿ ಎಂಬ ಪದದ ಕೆಳಗೆ ಅಭ್ಯಾಸಬಲದಿಂದ ಗೆರೆ ಎಳೆದಳು. ಹೊರಗೆ ಬಂದಾಗ ಎಲ್ನೂರಾ ಅವಳ ತೋಳು ಹಿಡಿದು, "ಬೇಜಾರು ಮಾಡ್ಕೋಬೇಡಿ ಅಕ್ಕಾ, ನಿಮ್ಮ ಮಾವನ ಹೆಸರು ಕ್ಯಾಮೆರಾ ಅಂತ ಇದ್ದಿದ್ರೆ ಏನು ಮಾಡ್ತಿದ್ರಿ?" ಎಂದಳು. ಮಂಜುಗಟ್ಟಿದ ರಸ್ತೆಯಲ್ಲಿ ಮನೆಯವರೆಗೂ ಅನಿಪಾ ಅದನ್ನೇ ಯೋಚಿಸಿದಳು. ಪೆಟ್ಟಿಗೆ ಎನ್ನುತ್ತಿದ್ದೆ, ಎಂದು ತೀರ್ಮಾನಿಸಿದಳು.

ಗುರುವಾರ ಮಧ್ಯಾಹ್ನ ಮಾವ ಕೋಟು ಹಾಕಿ, ಬಿಳಿ ಉಣ್ಣೆಯ ಟೊಪ್ಪಿ ಇಟ್ಟು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬಂದು ಕೂತರು. "ಕಲ್ಲಿಗಾ?" ಎಂದು ಕೇಳಿದರು. ಗೋರಿಯ ಕಲ್ಲಿನ ಮೇಲೆ ಕೆತ್ತಿಸುವ ಮುಖಕ್ಕಾ ಎಂದು.

"ಅಯ್ಯೋ ಇಲ್ಲ ಆತಾ, ಪರೀಕ್ಷೆಗೆ."

"ಕಲ್ಲಿಗೂ ಆಗುತ್ತೆ ಬಿಡು. ಎರಡೆರಡು ಸಲ ಯಾರು ಕೂತ್ಕೋತಾರೆ."

ಅವರು ಮೂವತ್ತು ವರ್ಷ ಬೆಟ್ಟದ ಮೇಲಿನ ಹವಾಮಾನ ಕೇಂದ್ರದಲ್ಲಿ ಇದ್ದವರು. ಅಲ್ಲೊಂದು ಗಾಜಿನ ಗುಂಡು ಇತ್ತಂತೆ. ಬಿಸಿಲು ಅದರ ಮೂಲಕ ಹಾದು ಹಿಂದಿನ ರಟ್ಟಿನ ಪಟ್ಟಿಯನ್ನು ಸುಡುತ್ತ ಹೋಗುತ್ತಿತ್ತು, ಮೋಡ ಬಂದಾಗ ಗೆರೆ ನಿಲ್ಲುತ್ತಿತ್ತು, ದಿನಾ ಸಂಜೆ ಪಟ್ಟಿ ಬದಲಿಸಿ ಸುಟ್ಟ ಗೆರೆಯ ಉದ್ದ ಬರೆದಿಡುವುದು ಅವರ ಕೆಲಸ. ಅನಿಪಾ ಒಮ್ಮೆ ಷಟರಿನ ವಿಷಯ ಹೇಳಹೊರಟಾಗ, "ಅದೇ ತಾನೇ, ಮೋಡ" ಎಂದು ಎರಡು ಪದದಲ್ಲಿ ಮುಗಿಸಿದ್ದರು. ಈಗ ಕುರ್ಚಿಯಲ್ಲಿ ಅವರು ಯಾರೋ ಎದ್ದುಹೋಗಿ ಎನ್ನುವವರೆಗೆ ಕೂತಿರುವವರಂತೆ ಕೂತಿದ್ದರು. ಕಿಟಕಿಯಿಂದ ಬರುವುದು ಒಂದು ಕೆನ್ನೆಗೆ ಮಾತ್ರ ಸಾಕಾಗುತ್ತಿತ್ತು. ಇನ್ನೊಂದು ಕೆನ್ನೆಗೆಂದು ಅನಿಪಾ ಮೇಜಿನ ದೀಪ ತಂದು, ಕಾಯಿಸುವ ಹೀಟರಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದಳು. ಗೋಡೆಯೊಳಗೆ ಚಟ್ ಎಂದಿತು. ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಂತಿತು. ಅದು ಇಷ್ಟು ದಿನ ಸದ್ದು ಮಾಡುತ್ತಿತ್ತು ಎಂಬುದು ನಿಂತ ಮೇಲೆ ತಿಳಿಯಿತು.

"ಹೋಯ್ತು," ಎಂದರು ಮಾವ. ಸ್ವಲ್ಪ ತಡೆದು, "ಕಂಬದವನನ್ನ ಕರೀಬೇಡ," ಎಂದರು.

ಈ ಮನೆಯಲ್ಲಿ ಹೇಳದ ಹೆಸರು ಎರಡು. ಒಂದು ಅವಳು ಹೇಳದ್ದು, ಇನ್ನೊಂದು ಮಾವ ಹೇಳದ್ದು. ಕಂಬದವನು ಎಂದರೆ ಅಬ್ದಿಲ್ದಾ, ಎದುರು ಸಾಲಿನಲ್ಲಿ ತಿರುವಿನಿಂದ ಮೂರನೆಯ ಮನೆಯವನು, ನಲವತ್ತು ವರ್ಷ ಲೈನ್‌ಮನ್ ಆಗಿದ್ದವನು, ನಿವೃತ್ತನಾದ ಮೇಲೂ ಬೀದಿಯ ಫ್ಯೂಸುಗಳ ಬೀಗದ ಕೈ ಇಟ್ಟುಕೊಂಡವನು. ಚಿಕ್ಕಂದಿನಿಂದ ಇಬ್ಬರದೂ ಒಂದೇ ತಟ್ಟೆ, ಒಂದೇ ಕುದುರೆ. ಹನ್ನೊಂದು ವರ್ಷದ ಹಿಂದೆ ಮಾವನ ಹೆಂಡತಿ ತೀರಿಕೊಂಡಾಗ, ಗಂಡಸರೆಲ್ಲ ರೂಢಿಯಂತೆ ಬೀದಿಯ ತಿರುವಿನಿಂದಲೇ ಗಟ್ಟಿಯಾಗಿ ಅಳುತ್ತ ಬಂದರೆ, ಅಬ್ದಿಲ್ದಾ ಹಿತ್ತಲ ಬಾಗಿಲಿನಿಂದ ಬಾಯಿ ಮುಚ್ಚಿಕೊಂಡು ಬಂದ, ಹೆಗಲಲ್ಲಿ ಉಪಕರಣದ ಚೀಲ ಹಾಕಿಕೊಂಡು. ಹೆಣವಿಟ್ಟ ಗುಡಾರಕ್ಕೆ ತಂತಿ ಎಳೆದು, ಬಲ್ಬು ಹಾಕಿ, ಹೋದ. ಕೂಲಿಯವನ ಹಾಗೆ ಬಂದ, ಒಂದು ಕೂಗು ಹಾಕಲಿಲ್ಲ, ಎಂದು ಮಾವ ಒಮ್ಮೆ ಹೇಳಿದ್ದರು. ಆಮೇಲೆ ಅವನ ಹೆಸರನ್ನೇ ಎತ್ತಲಿಲ್ಲ. ಈಗ ಫ್ಯೂಸು ಹೋದಾಗಲೆಲ್ಲ ಅನಿಪಾ ಕದ್ದು ಅವನಿಗೆ ಫೋನಿನಲ್ಲಿ ಬರೆಯುತ್ತಾಳೆ, ಸ್ವೆತ್ ಹೋಗಿದೆ ಎಂದು. ಅವನು ಏಣಿ ತಂದು ಹೊರಗಿನ ಕಂಬ ಹತ್ತಿ ಸರಿಮಾಡಿ ಹೋಗುತ್ತಾನೆ. ಮಾವ ಕಿಟಕಿಗೆ ಬೆನ್ನು ಮಾಡಿ ಕೂತು, ದೀಪ ಹತ್ತಿದಾಗ, "ಬಂತು," ಎನ್ನುತ್ತಾರೆ, ಮಳೆ ಬಂತು ಎನ್ನುವ ಹಾಗೆ.

ಅಡುಗೆಮನೆಗೆ ಹೋಗಿ ಫೋನು ತೆಗೆದಾಗ ಅವಳಿಗೆ ನಾಳೆಯ ಪ್ರಶ್ನೆ ನೆನಪಾಯಿತು. ಬಾಯಿಗೆ ಬರದಿದ್ದರೆ ಮೊದಲು ಕೈಗೆ ಬರಲಿ ಎನ್ನಿಸಿತು. ಕೈ ಅವಳ ಮಾತು ಕೇಳುತ್ತದೆ, ಬಾಯಿಯಷ್ಟು ಹಟವಿಲ್ಲ. ಗೋಡೆಯ ಆಚೆ ಮಾವ ಇದ್ದಾರೆ, ಅಕ್ಷರಕ್ಕೆ ಸದ್ದಿಲ್ಲ. ಜಾರಿಕ್ ಇಲ್ಲ, ಎಂದು ಬರೆದಳು. ಒಮ್ಮೆ ಬಂದು ಹೋಗಿ. ಓದಿ ನೋಡಿದಳು. ವಾಕ್ಯದ ಮೊದಲ ಪದವಾದ್ದರಿಂದ ಜಾರಿಕ್‌ಗೆ ದೊಡ್ಡಕ್ಷರ, ಅದು ಸರಿಯೇ, ಕೊನೆಯಲ್ಲಿ ಪೂರ್ಣವಿರಾಮ. ತಪ್ಪಿರಲಿಲ್ಲ. ಕಳಿಸಿದಳು. ಏನೋ ಕದ್ದವಳಂತೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಒಳಗೆ ಬಂದು, "ಕಿಟಕಿಯದೇ ಸಾಕು ಆತಾ," ಎಂದಳು.

ತೂತು ಪೂರ್ತಿ ತೆರೆದಳು. ಸಂವೇದನೆ ಎಂಟುನೂರು. ಕ್ಯಾಮೆರಾ ಕೇಳಿದ್ದು ಸೆಕೆಂಡಿನ ಹದಿನೈದನೆಯ ಒಂದು ಭಾಗ. ಅಷ್ಟು ಹೊತ್ತು ಮನುಷ್ಯ ಅಲುಗಬಾರದು. ಸ್ಟ್ಯಾಂಡಿನ ತಿರುಪು ಬಿಗಿ ಮಾಡಿ, "ಅಲುಗಬೇಡಿ," ಎಂದಳು.

"ಅಲುಗದೆ ಇರೋದನ್ನ ನೀನು ನನಗೆ ಹೇಳಿಕೊಡಬೇಕಾ."

ಆಗ ಬೀದಿಯ ತಿರುವಿನಿಂದ ಆ ಧ್ವನಿ ಬಂತು. ಮೊದಲು ನಾಯಿ ಎಂದುಕೊಂಡಳು. ಆಮೇಲೆ ಅದು ಮಾತಾಯಿತು. ಅಯ್ಯೋ ನನ್ನ ಒಡಹುಟ್ಟೇ, ನನ್ನ ಬೆಟ್ಟವೇ, ಎಂದು ಗಂಡಸೊಬ್ಬ ಓಡುತ್ತ, ಏದುಸಿರು ಬಿಡುತ್ತ, ಗಂಟಲು ಹರಿಯುವ ಹಾಗೆ ಅಳುತ್ತ ಬರುತ್ತಿದ್ದ.

"ಯಾರು ಹೋದರು?" ಎಂದರು ಮಾವ, ಮುಖ ತಿರುಗಿಸದೆ.

ಅಳು ಹತ್ತಿರ ಬಂತು, ಗೇಟಿನ ಹೊರಗೆ ನಿಂತಿತು. "ಅವನ ಗಂಟಲು ಅಲ್ಲವಾ ಅದು," ಎಂದರು ಮಾವ. ಅಷ್ಟರಲ್ಲಿ ಗೇಟಿನ ಹೊರಗಿನ ಧ್ವನಿ, ನನ್ನ ಜಾರಿಕ್, ನನ್ನನ್ನ ಬಿಟ್ಟು ಹೇಗೆ ಹೋದೆಯೋ ಜಾರಿಕ್, ಎಂದಿತು. ತಾನು ಬರೆದದ್ದು ಏನೆಂದು ಅನಿಪಾಳಿಗೆ ಅರ್ಥವಾಯಿತು. ಇಡೀ ವಾಕ್ಯ ಅವಳ ಕಣ್ಣ ಮುಂದೆ ಬಂದು ನಿಂತಿತು, ಮನುಷ್ಯರ ಹೆಸರಿಗೆ ಹಾಕುವ ದೊಡ್ಡಕ್ಷರದ ಸಮೇತ. ಮಾವನ ಮುಖ ಒಂದು ಕ್ಷಣ ಏನೂ ಮಾಡಲಿಲ್ಲ. ಆಮೇಲೆ ತುಟಿಯ ಒಂದು ಕೊನೆ, ಕಿಟಕಿಯ ಕಡೆಯದು, ಸ್ವಲ್ಪ ಕೆಳಗಿಳಿಯಿತು. ಕಣ್ಣು ಅವಳು ಒಂಬತ್ತು ವರ್ಷದಲ್ಲಿ ನೋಡಿರದ ಯಾವುದೋ ವಯಸ್ಸಿನದಾಯಿತು. ಬೆರಳು ಒತ್ತಿತು. ಟಿಕ್.

ಇದರ ನಂತರ ನಡೆದದ್ದನ್ನು ಅವಳು ಆಮೇಲೆ ಎಷ್ಟು ಸಲ ತಿರುವಿ ಹಾಕಿ ನೋಡಿದರೂ ಅದು ಬದಲಾಗಲಿಲ್ಲ. ಹೊರಗೆ ಓಡಬೇಕಿತ್ತು. ಎಪ್ಪತ್ತು ದಾಟಿದವನು ಫೆಬ್ರುವರಿಯ ಚಳಿಯಲ್ಲಿ ಗೇಟಿನ ಹೊರಗೆ ಬದುಕಿರುವವನಿಗಾಗಿ ಅಳುತ್ತಿದ್ದ, ಒಂದು ಮಾತು ಹೇಳಿದರೆ ನಿಲ್ಲುತ್ತಿತ್ತು. ಅವಳು ಕ್ಯಾಮೆರಾದ ಹಿಂದಿನ ಪರದೆಯನ್ನು ನೋಡಿದಳು. ಚಿತ್ರ ಕಪ್ಪಾಗಿತ್ತು. ಟೊಪ್ಪಿ, ಎಂದುಕೊಂಡಳು, ಟೊಪ್ಪಿಯನ್ನು ಮರೆತೆ, ಒಂದು ಸ್ಟಾಪ್ ಕಡಿಮೆ, ಬೇಕಾದ್ದರ ಅರ್ಧವೇ ಬಂದಿದೆ. ಗುಂಡಿ ತಿರುಗಿಸಿ ಹದಿನೈದನೆಯ ಒಂದು ಭಾಗವನ್ನು ಎಂಟನೆಯ ಒಂದು ಭಾಗ ಮಾಡಿದಳು. ಮಾವ ಅಲ್ಲೇ ಕೂತಿದ್ದರು. ಅಳು ಇನ್ನೂ ಇತ್ತು. ಒಂದು ಸಲ ಒತ್ತಿದಳು, ನೋಡಿದಳು, ಚೌಕಟ್ಟು ಸ್ವಲ್ಪ ಎಡಕ್ಕೆ ಸರಿಸಿದಳು, ಇನ್ನೊಮ್ಮೆ, ಆಮೇಲೆ ಯಾವುದಕ್ಕೂ ಇರಲಿ ಎಂದು ಮತ್ತೊಮ್ಮೆ. ಆಮೇಲೆ ಹೊರಗೆ ಓಡಿದಳು.

ಅಬ್ದಿಲ್ದಾ ಗೇಟಿನ ಕಂಬ ಹಿಡಿದು ಬಗ್ಗಿ ನಿಂತಿದ್ದ. ತಲೆಯ ಮೇಲೆ ಟೊಪ್ಪಿ ಇರಲಿಲ್ಲ, ಕೋಟಿನ ಗುಂಡಿ ಹಾಕಿರಲಿಲ್ಲ, ಕಾಲಲ್ಲಿ ಮನೆಯ ಚಪ್ಪಲಿ. ಹೆಗಲಲ್ಲಿ ಚೀಲವೂ ಇರಲಿಲ್ಲ.

"ಸ್ವೆತ್, ಅಬ್ದಿಲ್ದಾ ಆತಾ," ಎಂದಳು. "ಸ್ವೆತ್ ಹೋಗಿರೋದು. ಅಷ್ಟೇ."

ಅವನು ಅಳುವನ್ನು ಒಮ್ಮೆಲೇ ನಿಲ್ಲಿಸಲಾಗದೆ ಇನ್ನೆರಡು ಸಲ ಬಿಕ್ಕಿದ. ಮೂಗು ಒರೆಸಿಕೊಂಡ. "ನಮ್ಮನೇಲಿ ದೀಪ ಉರೀತಿದೆ. ರೇಡಿಯೊ ಹಾಡ್ತಿದೆ. ನೀನು ಜಾರಿಕ್ ಇಲ್ಲ ಅಂತ ಬರೆದೆ."

"ಹೌದು."

"ನೀನು ಯಾವತ್ತೂ ಹಾಗೆ ಬರೀತಿರಲಿಲ್ಲ. ಈ ಹುಡುಗಿ ಹೆಸರು ಬರೆದಳು ಅಂದರೆ ಮನುಷ್ಯ ಹೋಗೇ ಹೋದ ಅಂದುಕೊಂಡೆ."

"ಅಭ್ಯಾಸ ಮಾಡ್ತಿದ್ದೆ," ಎಂದಳು ಅನಿಪಾ.

ಅಬ್ದಿಲ್ದಾ ಅವಳನ್ನು ತುಂಬ ಹೊತ್ತು ನೋಡಿದ. ಅವಳಿಗೆ ತಾನು ನಿಂತಲ್ಲೇ ಹಿಮದೊಳಗೆ ಇಳಿದುಹೋದರೆ ಒಳ್ಳೆಯದು ಎನ್ನಿಸಿತು. ಅದು ಸಾಧ್ಯವಿಲ್ಲವಾದ್ದರಿಂದ ಅವನ ಚಪ್ಪಲಿಯನ್ನು ನೋಡುತ್ತ ನಿಂತಳು. ಬಾಗಿಲಿನಿಂದ ಮಾವನ ಧ್ವನಿ ಬಂತು. "ಚಳೀಲಿ ನಿಲ್ಲಿಸಿಕೊಂಡು ಮಾತಾಡ್ತೀಯಲ್ಲ, ಒಳಗೆ ಕರಿ ಅಬ್ದಿಲ್ದಾನ." ಹೆಸರು ಎಲ್ಲೂ ಸಿಕ್ಕಿಕೊಳ್ಳದೆ, ನಿನ್ನೆಯೂ ಹೇಳಿದ್ದರೇನೋ ಎಂಬಂತೆ ಬಂತು.

ಚಹಾ ದೀಪವಿಲ್ಲದೆಯೇ ಆಯಿತು. ಫ್ಯೂಸಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅನಿಪಾ ಬೊರ್ಸೋಕ್ ಬಟ್ಟಲು ಮುಂದಿಟ್ಟು, ಒಲೆಯ ಹತ್ತಿರ ನಿಂತು, ಕರಿದ ಹಿಟ್ಟಿನ ತುಣುಕುಗಳನ್ನು ಇಬ್ಬರು ಮುದುಕರು ಒಂದೊಂದೇ ತೆಗೆದುಕೊಳ್ಳುವುದನ್ನು ನೋಡಿದಳು.

"ಚೆನ್ನಾಗಿ ಅತ್ತೆ ಕಣೋ," ಎಂದರು ಮಾವ.

"ಗಂಟಲು ಸರಿ ಇರಲಿಲ್ಲ."

"ನನ್ನ ಬೆಟ್ಟವೇ ಅಂದೆ. ಯಾವ ಬೆಟ್ಟಾನೋ."

"ಬಾಯಿಗೆ ಬಂದಿದ್ದು ಅಂದೆ. ನೀನು ಬದುಕಿದ್ದೀಯ ಅಂತ ಗೊತ್ತಿದ್ದರೆ ಗುಡ್ಡ ಅಂತಿದ್ದೆ."

ಬಟ್ಟಲು ಖಾಲಿಯಾಗುತ್ತ ಬಂತು. "ಆವತ್ತು," ಎಂದ ಅಬ್ದಿಲ್ದಾ, "ಅವಳು ಕತ್ತಲಲ್ಲಿ ಮಲಗಿದ್ದಳು. ಕತ್ತಲು ಅಂದರೆ ಅವಳಿಗೆ ಆಗ್ತಿರಲಿಲ್ಲವಲ್ಲ. ಮೊದಲು ಬಲ್ಬು ಹಾಕೋಣ, ಆಮೇಲೆ ಅಳೋಣ ಅಂದುಕೊಂಡೆ. ಆಮೇಲೆ ನಿನ್ನ ಮುಖ ನೋಡಿದೆ, ಆಗಲಿಲ್ಲ."

"ಗೊತ್ತು," ಎಂದರು ಮಾವ. ಗೊತ್ತಿದ್ದದ್ದು ಹನ್ನೊಂದು ವರ್ಷದಿಂದಲೋ, ಈಗಲೋ, ಅವರ ದನಿಯಲ್ಲಿ ಇರಲಿಲ್ಲ.

ಕಂಬ ಹತ್ತಿ ಇಳಿದು ಹೊರಡುವಾಗ ಅಬ್ದಿಲ್ದಾ, "ಬೀದಿಯವರು ಕೇಳಿಸಿಕೊಂಡಿರ್ತಾರೆ," ಎಂದ. "ಹಲ್ಲುನೋವು ಅನ್ನು," ಎಂದರು ಮಾವ. ಅವನು ಒಪ್ಪಿದ. ಅನಿಪಾಳ ಕಡೆ ಇಬ್ಬರೂ ತಿರುಗಿ ನೋಡಲಿಲ್ಲ. ಅವಳಿಗೆ ಯಾರೂ ಏನೂ ಹೇಳದಿದ್ದದ್ದರಿಂದ, ತನ್ನಿಂದ ಕೆಟ್ಟದ್ದೇನೂ ಆಗಲಿಲ್ಲ, ಒಳ್ಳೆಯದೇ ಆಯಿತು ಎಂದು ಸಂಜೆಯವರೆಗೆ ಅಂದುಕೊಂಡಳು. ಹಾಸಿಗೆ ಬಿಡಿಸುತ್ತಿದ್ದಾಗ ಮಾವ ಒಳಕೋಣೆಯಿಂದ ಕರೆದರು.

"ಮಗಳೇ, ಬೋನಿಗೆ ಏನಾದರೂ ಬಿತ್ತಾ?"

"ಇಲ್ಲ ಆತಾ."

"ಇವತ್ತು ಮಧ್ಯಾಹ್ನ ಆ ಇಲಿ ನಾಲ್ಕು ಸಲ ಸದ್ದು ಮಾಡಿತು. ಮೊದಲನೇದು ಗಾಬರೀಲಿ. ಆಮೇಲಿನ ಮೂರು ನಿಧಾನವಾಗಿ." ಅವರು ಗೋಡೆಯ ಕಡೆ ಹೊರಳಿದ ಸದ್ದಾಯಿತು. "ತೆಗೆದುಬಿಡು ಬೋನು. ಕಾಲಿಗೆ ಸಿಕ್ಕುತ್ತೆ."

ಅವಳು ಬೋನನ್ನು ತೆಗೆದಿಟ್ಟಳು. ಆಮೇಲೆ ಹೊದಿಕೆಯೊಳಗೆ ಕ್ಯಾಮೆರಾ ಹಿಡಿದು ನಾಲ್ಕನ್ನೂ ಹಿಗ್ಗಿಸಿ ನೋಡಿದಳು. ಕೊನೆಯ ಮೂರು ತುಂಬ ಚೆನ್ನಾಗಿದ್ದವು. ಟೊಪ್ಪಿ ಬಿಳಿಯಾಗಿತ್ತು, ಮುಖ ಮುಖದ ಬಣ್ಣದಲ್ಲಿತ್ತು, ಸೆಕೆಂಡಿನ ಎಂಟನೆಯ ಒಂದು ಭಾಗದಲ್ಲಿ ರೆಪ್ಪೆಯ ಒಂದು ಕೂದಲೂ ಅಲುಗಿರಲಿಲ್ಲ. ಅದು ಹೇಗೆ ಎಂದು ಅವಳಿಗೆ ನಿಧಾನವಾಗಿ ಹೊಳೆಯಿತು. ಗೇಟಿನ ಹೊರಗೆ ತನ್ನ ಹೆಸರು ಹಿಡಿದು ಅಳುತ್ತಿರುವವನನ್ನು ಕೇಳಿಸಿಕೊಳ್ಳುತ್ತ, ಸೊಸೆಗೆ ಕೆಲಸ ಉಳಿಯಬೇಕೆಂದು, ಮನುಷ್ಯ ಅಲುಗದೆ ಕೂತಿದ್ದ. ಮೂರು ಸಲ. ಮೊದಲ ಚಿತ್ರದಲ್ಲಿ ಮಾತ್ರ ಅವರು ಚಿತ್ರಕ್ಕೆಂದು ಕೂತಿರಲಿಲ್ಲ. ಕಪ್ಪು ಮುಖದಲ್ಲಿ ತುಟಿಯ ಕೊನೆ ಸ್ವಲ್ಪ ಕದಡಿತ್ತು. ಅವಳು ಹದಿಮೂರು ವರ್ಷ ತಪ್ಪನ್ನು ಅಳಿಸಿ ಸರಿಯನ್ನು ಉಳಿಸಿದವಳು. ಕೊನೆಯ ಮೂರನ್ನು ಒಂದೊಂದಾಗಿ ಅಳಿಸಿದಳು. ಪ್ರತಿ ಸಲವೂ ಕ್ಯಾಮೆರಾ, ಖಂಡಿತವಾ, ಎಂದು ಕೇಳಿತು.

ಶುಕ್ರವಾರ ರೊಮಾನ್ ಪಾಕ್ ಚಿತ್ರವನ್ನು ದೊಡ್ಡ ಪರದೆಯ ಮೇಲೆ ಹಾಕಿ, ಕನ್ನಡಕ ಹಣೆಗೇರಿಸಿ, ಎದ್ದು ಹತ್ತಿರ ಹೋಗಿ ನೋಡಿದರು. ಎಲ್ನೂರಾಳ ಕೇಕು ಅನಿಪಾಳ ಸರದಿಗಿಂತ ಮೊದಲು ಪಾಸಾಗಿತ್ತು. ಅದರ ಮೇಲಿನ ಗುಲಾಬಿಯ ಒಂದೊಂದು ಎಸಳೂ ಸ್ಪಷ್ಟವಾಗಿತ್ತು.

"ತುಟಿ ಅಲುಗಿದೆ," ಎಂದರು ಪಾಕ್.

"ಹೌದು ಆಗಾಯ್."

"ಸರಿಮಾಡಿ ಇನ್ನೊಂದು ತೆಗೀಲಿಲ್ಲವಾ?"

"ತೆಗೆದೆ. ಮೂರು. ಅಳಿಸಿದೆ."

"ಯಾಕೆ?"

"ಅವು ಸರಿಯಾಗಿದ್ದವು."

ಪಾಕ್ ಅವಳ ಕಡೆ ತಿರುಗಿದರು. ಹಿಂದೆ ಯಾರೋ ನಕ್ಕು ನಿಲ್ಲಿಸಿದರು. ಅವರು ಮತ್ತೆ ಪರದೆಯ ಕಡೆ ನೋಡಿ, ಸುಮಾರು ಹೊತ್ತು ನೋಡಿ, "ಪ್ರಶ್ನೆ," ಎಂದರು. "ಈ ಚಿತ್ರದಲ್ಲಿ ಕಡಿಮೆ ಬಿದ್ದಿರೋದು ಯಾವುದು? ಹೆಸರು ಹಿಡಿದು ಹೇಳಬೇಕು."

ಕೋಣೆ ಕಾಯುತ್ತಿತ್ತು. ಎಲ್ನೂರಾ ಮುಂದಕ್ಕೆ ಬಗ್ಗಿದ್ದಳು. ಆ ಪದ ಬಾಯಿಯಲ್ಲಿ ಹೇಗಿರುತ್ತದೆ ಎಂದು ಅನಿಪಾಳಿಗೆ ಗೊತ್ತಿರಲಿಲ್ಲ, ಬಿಸಿಯಾಗಿರುತ್ತದೆ ಎಂದುಕೊಂಡಿದ್ದಳು. "ಜಾರಿಕ್," ಎಂದಳು. ಏನೂ ಆಗಲಿಲ್ಲ. ಕಿಟಕಿಯ ಹೊರಗೆ ಯಾರದೋ ಕಾರು ಹಿಂದೆ ಹೋಗುತ್ತ ಪೀಂಗುಡುತ್ತಿತ್ತು.

"ಎಷ್ಟು ಕಡಿಮೆ?"

"ಒಂದು ಸ್ಟಾಪ್."

"ಯಾವುದು ಕಡಿಮೆ ಅಂತ ಗೊತ್ತಿದ್ದರೆ ಸಾಕು," ಎಂದು ಪಾಕ್ ಪಟ್ಟಿಯಲ್ಲಿ ಗುರುತು ಹಾಕಿದರು. ಸರ್ಟಿಫಿಕೇಟು ಬರೆಯುತ್ತ, ತಲೆ ಎತ್ತದೆ, ತಗ್ಗಿದ ದನಿಯಲ್ಲಿ, "ಆ ಹೊತ್ತಲ್ಲಿ ಆ ಮನುಷ್ಯನಿಗೆ ಏನಾಗಿತ್ತು?" ಎಂದು ಕೇಳಿದರು.

"ಏನಿಲ್ಲ. ಫ್ಯೂಸು ಹೋಗಿತ್ತು."

ಸರ್ಟಿಫಿಕೇಟಿನಲ್ಲಿ ಅವಳ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಅವಳು ಅದನ್ನು ನೋಡಿದಳು, ಹೇಳಲಿಲ್ಲ. ಸೇತುವೆಯ ಮೇಲೆ ಬಂದಾಗ ಗಣಿಯಿಂದ ತಾಲಾಯ್ ಫೋನು ಮಾಡಿದ. ಕೆಳಗೆ ನದಿಯ ಎರಡು ದಡವೂ ಹೆಪ್ಪುಗಟ್ಟಿ, ನಡುವೆ ಒಂದು ಸಪೂರ ಗೆರೆಯಷ್ಟು ನೀರು ಹರಿಯುತ್ತಿತ್ತು. ಪಾಸಾಯಿತು ಎಂದಳು. ಅವನು ನಕ್ಕು, ಇನ್ನು ನಮ್ಮನೇಲಿ ಯಾರೂ ಕೂದಲು ಬಾಚದೆ ಓಡಾಡೋ ಹಾಗಿಲ್ಲ ಎಂದ. ಆತಾ ಹೇಗಿದ್ದಾರೆ ಎಂದ. ಯಾರದೋ ಹತ್ತಿರ ಮಾತಾಡುತ್ತ ಕೂತಿದ್ದಾರೆ ಎಂದಳು. "ಮತ್ತೆ ಏನು ವಿಶೇಷ? ಏನಾದರೂ ನಡೀತಾ?"

ಹೇಳಬೇಕಾದ ವಾಕ್ಯ ಅವಳ ಬಾಯಿಗೆ ಪೂರ್ತಿಯಾಗಿ ಬಂದಿತ್ತು, ಪೂರ್ಣವಿರಾಮದವರೆಗೆ. ಅದರಲ್ಲಿ ಗೇಟಿತ್ತು, ಚಪ್ಪಲಿ ಇತ್ತು, ನಾಲ್ಕು ಟಿಕ್ ಇತ್ತು. ಅಬ್ದಿಲ್ದಾಗೆ ಹಲ್ಲುನೋವು ಇದೆ, ಮಾವನಿಗೆ ಇಲಿ ಇದೆ; ತನಗೂ ಒಂದು ನೆಪ ಬೇಕಲ್ಲ ಎನ್ನಿಸಿತು. ನಡೆದದ್ದನ್ನು ಇವನಿಗೂ ಹೇಳುವುದು ಬೇಡ, ಯಾರಿಗೂ ಬೇಡ, ಎಂದು ಅವಳು ಅಲ್ಲೇ, ಸೇತುವೆಯ ನಡುವೆ, ತೀರ್ಮಾನ ಮಾಡಿದಳು.

"ಏನೂ ಇಲ್ಲ," ಎಂದಳು. "ಮನೇಲಿ ಇಲಿ ಇದೆ ಅಂದುಕೊಂಡಿದ್ದೆ. ಇರಲಿಲ್ಲ."